ಹದ್ದು ಮರಳಿ ಬಂದ ದ್ವೀಪಗಳು

ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯಾಚೆಗೆ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. ಅದರ ಒಳಸಾಲಿನಲ್ಲಿ ಸ್ಕೈ ದ್ವೀಪವನ್ನು ಬಿಟ್ಟರೆ ಮಲ್ ದ್ವೀಪವೇ ದೊಡ್ಡದು. ಓಬನ್ ಬಂದರಿನಲ್ಲಿ ಹಡಗು ಹತ್ತಿದರೆ ಒಂದು ಗಂಟೆಯೊಳಗೆ ಅಲ್ಲಿಗೆ ಸೇರಬಹುದು. ಬೇಸಗೆಯ ರಜೆಯಲ್ಲಿ ಈ ಹಡಗಿನಿಂದ ಇಳಿಯುವವರ ಪೈಕಿ ಅನೇಕರ ಕೊರಳಲ್ಲಿ ದುರ್ಬೀನು ತೂಗುತ್ತಿರುತ್ತದೆ. ಅವರು ಬಂದಿರುವುದು ಕಡಲ ಹದ್ದನ್ನು ಕಾಣುವುದಕ್ಕೆ. ನೂರೈವತ್ತು ವರ್ಷಗಳ ಹಿಂದೆಯೂ ಹೊರಗಿನಿಂದ ಈ ದ್ವೀಪಗಳಿಗೆ ಬಂದವರು ಇದೇ ಹಕ್ಕಿಗಾಗಿ ಹೊಂಚಿ ಕುಳಿತದ್ದುಂಟು. ಆಗ ಅವರ ಕೈಯಲ್ಲಿದ್ದುದು ಕೋವಿ. ಆ ಕೋವಿ ಹೋಗಿ ದುರ್ಬೀನು ಬಂದುದು ಹೇಗೆ, ಈ ನಡುವೆ ಆ ನೆಲದ ಜನರ ಪಾಡು ಏನಾಯಿತು ಎಂಬುದು ವಿಚಾರ ಮಾಡತಕ್ಕ ವಿಷಯ.

ಗರುಡ ಎಂದೊಡನೆ ನಮಗೆ ನೆನಪಾಗುವುದು ಬಿಳಿಯ ತಲೆಯ, ಇಟ್ಟಿಗೆ ಬಣ್ಣದ ಮೈಯ ಹಕ್ಕಿ. ಕಡಲ ಹದ್ದು ಅದಕ್ಕಿಂತ ಬಹಳ ದೊಡ್ಡದು. ರೆಕ್ಕೆ ಹರಡಿದರೆ ತುದಿಯಿಂದ ತುದಿಗೆ ಎರಡು ಮೀಟರನ್ನು ಮೀರುತ್ತದೆ. ಬಲಿತ ಹಕ್ಕಿಯ ಬಾಲ ಅಚ್ಚ ಬಿಳುಪು. ಕೊಕ್ಕೂ ಕಣ್ಣೂ ಹಳದಿ. ಗೇಲಿಕ್ ಭಾಷೆಯ ಜನ ಅದನ್ನು ಸೂರ್ಯನ ಕಣ್ಣುಳ್ಳ ಹದ್ದು ಎಂದು ಕರೆದರು. ಮಲ್ ದ್ವೀಪದಲ್ಲಿ ಹೊನ್ನ ಹದ್ದೂ ಉಂಟು. ಅದು ಬೆಟ್ಟದ ಹಕ್ಕಿ, ರೆಕ್ಕೆಗಳನ್ನು ತುಸು ಮೇಲೆತ್ತಿ ತೇಲುತ್ತದೆ. ಕಡಲ ಹದ್ದಿನ ರೆಕ್ಕೆಯಾದರೋ ಹಲಗೆಯಂತೆ ಚಪ್ಪಟೆ. ಇವೆರಡೂ ಅಲ್ಲದ ಬಜರ್ಡ್ ಎಂಬ ಚಿಕ್ಕ ಬೇಟೆಹಕ್ಕಿಯೊಂದು ದಾರಿಬದಿಯ ಕಂಬದ ಮೇಲೆ ಕುಳಿತಿದ್ದರೆ, ಅದನ್ನೇ ಹದ್ದೆಂದು ಬಗೆದು ಹಿಗ್ಗುವ ಹೊಸಬರೂ ಇದ್ದಾರೆ. ಬಜರ್ಡಿಗೆ ಅಲ್ಲಿ ‘ಪ್ರವಾಸಿಗರ ಹದ್ದು’ ಎಂಬ ಅಡ್ಡಹೆಸರೇ ಬಿದ್ದಿದೆ.

ಮನುಷ್ಯನಿಗೂ ಈ ಹಕ್ಕಿಗೂ ಆ ನೆಲದಲ್ಲಿ ಇರುವ ನಂಟು ಬಹು ಹಳೆಯದು. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ, ಇಸ್‌ಬಿಸ್ಟರ್ ಎಂಬಲ್ಲಿ, 1958ರಲ್ಲಿ ರೈತನೊಬ್ಬನಿಗೆ ಸುಮಾರು 5000 ವರ್ಷಗಳ ಹಿಂದಿನ ಕಲ್ಲಿನ ಸಮಾಧಿಯೊಂದು ಗೋಚರವಾಯಿತು. ಒಳಗೆ ನೂರಾರು ಮನುಷ್ಯರ ಮೂಳೆಗಳ ಜೊತೆಗೆ ಕಡಲ ಹದ್ದುಗಳ ಮೂಳೆಗಳೂ ಇದ್ದವು. ಮುಂದೆ ಕಾಲನಿರ್ಣಯ ಮಾಡಿದಾಗ, ಸಮಾಧಿ ಕಟ್ಟಿ ಎಷ್ಟೋ ಶತಮಾನಗಳು ಕಳೆದ ಮೇಲೆ ಆ ಹದ್ದುಗಳನ್ನು ಅಲ್ಲಿಟ್ಟರೆಂದು ತಿಳಿದುಬಂದಿತು. ಹಿರಿಯರ ಎಲುಬುಗಳ ಬಳಿ ಇಡಲು ತಕ್ಕುದೆಂದು ಒಂದು ಕಾಲದ ಜನ ಈ ಹಕ್ಕಿಯನ್ನು ಆರಿಸಿಕೊಂಡಿದ್ದರು.

ಹದಿನೆಂಟನೆಯ ಶತಮಾನದ ಕೊನೆಯಿಂದ ಈ ನಂಟು ಕೆಟ್ಟಿತು. ಗೇಣಿಗಿಂತ ಉಣ್ಣೆಯಲ್ಲಿ ಲಾಭ ಹೆಚ್ಚೆಂದು ಕಂಡುಕೊಂಡ ಜಮೀನ್ದಾರರು ಸ್ಕಾಟ್‌ಲೆಂಡಿನ ಮಲೆನಾಡಿನಿಂದಲೂ ದ್ವೀಪಗಳಿಂದಲೂ ಒಕ್ಕಲುಗಳನ್ನು ಎಬ್ಬಿಸಿ ಕುರಿ ತುಂಬಿದರು. ಮಲ್ ದ್ವೀಪದ ಉತ್ತರಕ್ಕಿರುವ ರಮ್ ಎಂಬ ದ್ವೀಪದಿಂದ 1826ರಲ್ಲಿ ಸುಮಾರು 300 ಮಂದಿಯನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಲಾಯಿತು. ಕುರಿಗಳ ಹಿಂದೆಯೇ ಕುರುಬರು ಬಂದರು. ಧನಿಕರ ಬೇಟೆಯ ಎಸ್ಟೇಟುಗಳು ಬಂದವು. ಎಸ್ಟೇಟುಗಳ ಜೊತೆಗೆ ಬೇಟೆಯ ಕಾವಲುಗಾರರು ಬಂದರು. ಕುರಿಮರಿಗೂ ಬೇಟೆಯ ಹಕ್ಕಿಗೂ ಶತ್ರುವೆಂಬ ಹೆಸರು ಹೊತ್ತು ಹದ್ದು ಕೋವಿಗೆ, ಬೋನಿಗೆ, ವಿಷಕ್ಕೆ ಬಲಿಯಾಯಿತು.

ಹದ್ದುಗಳು ವಿರಳವಾದಂತೆ ಇನ್ನೊಂದು ಕಂಟಕ ಒದಗಿತು. ವಿಕ್ಟೋರಿಯಾ ರಾಣಿಯ ಕಾಲದ ಸಿರಿವಂತರಲ್ಲಿ ಮೊಟ್ಟೆ ಕೂಡಿಡುವ, ಹಕ್ಕಿಗಳ ಚರ್ಮಕ್ಕೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುವ ಹುಚ್ಚು ಹಬ್ಬಿತ್ತು. ಹಕ್ಕಿ ಅಪರೂಪವಾದಷ್ಟೂ ಅದರ ಮೊಟ್ಟೆಗೆ ಬೆಲೆ ಏರುವುದು. ಬೆಲೆ ಏರಿದಷ್ಟೂ ಹಕ್ಕಿ ಇನ್ನೂ ಅಪರೂಪವಾಗುವುದು. ಬ್ರಿಟನ್ನಿನ ಕೊನೆಯ ಗೂಡು ಕಂಡದ್ದು ಸ್ಕೈ ದ್ವೀಪದಲ್ಲಿ, 1916ರಲ್ಲಿ. ಮತ್ತೆ ಒಂದೆರಡು ವರ್ಷಗಳಲ್ಲೇ ಶೆಟ್‌ಲೆಂಡಿನಲ್ಲಿ ಒಂಟಿಯಾಗಿ ಉಳಿದಿದ್ದ ಹೆಣ್ಣು ಹಕ್ಕಿಯೂ ಗುಂಡಿಗೆ ಬಿದ್ದಿತು. ಮುಂದಿನ ಎರಡು ತಲೆಮಾರು ಗೇಲಿಕ್ ಹೆಸರು ಉಳಿದಿದ್ದರೂ ಅದನ್ನು ಹೊತ್ತ ಹಕ್ಕಿ ಇರಲಿಲ್ಲ.

ಅದು ಮರಳಿದ್ದು ರಮ್ ದ್ವೀಪದ ದಾರಿಯಿಂದ. ಒಮ್ಮೆ ಜವಳಿ ಯಂತ್ರಗಳ ಉದ್ಯಮಿಯೊಬ್ಬನ ಬೇಟೆಯ ಸ್ವತ್ತಾಗಿದ್ದ ಆ ದ್ವೀಪವನ್ನು 1957ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆ ಕೊಂಡುಕೊಂಡಿತು. 1975ರಿಂದ 1985ರವರೆಗೆ ನಾರ್ವೆಯ ಗೂಡುಗಳಿಂದ ತೆಗೆದ ಮರಿಗಳನ್ನು ಬ್ರಿಟಿಷ್ ವಾಯುಪಡೆಯ ವಿಮಾನಗಳಲ್ಲಿ ತಂದು, ಸಾಕಿ, 82 ಹಕ್ಕಿಗಳನ್ನು ರಮ್ ದ್ವೀಪದಿಂದ ಹಾರಿಬಿಡಲಾಯಿತು. ಈ ಕಾರ್ಯದ ಹೊಣೆ ಹೊತ್ತಿದ್ದ ಜಾನ್ ಲವ್ ಅವರು ಅದರ ಕಥೆಯನ್ನು ಪುಸ್ತಕವಾಗಿಯೂ ಬರೆದಿದ್ದಾರೆ. ಕಡಲ ಹದ್ದು ಪ್ರಾಯಕ್ಕೆ ಬರಲು ಐದು ವರ್ಷ ಹಿಡಿಯುತ್ತದೆ; ಆದುದರಿಂದ ಕಾಯುವವರಿಗೆ ತಾಳ್ಮೆ ಬೇಕಾಗಿತ್ತು. ಕೊನೆಗೆ 1985ರಲ್ಲಿ ಮಲ್ ದ್ವೀಪದ ಗೂಡೊಂದರಿಂದ ಮರಿಯೊಂದು ರೆಕ್ಕೆ ಬಲಿತು ಹಾರಿತು. ಎಪ್ಪತ್ತು ವರ್ಷಗಳ ತರುವಾಯ ಬ್ರಿಟನ್ನಿನ ನೆಲದಲ್ಲೇ ಹುಟ್ಟಿ ಹಾರಿದ ಮೊದಲ ಕಡಲ ಹದ್ದು ಅದು. ಈಗ ಆ ಒಂದು ದ್ವೀಪದಲ್ಲೇ ಇಪ್ಪತ್ತರಷ್ಟು ಜೋಡಿಗಳಿವೆ.

ಹಿಂದೆ ಹಕ್ಕಿಯನ್ನು ಕೊಂದ ಅಪರೂಪವೇ ಈಗ ಅದನ್ನು ಕಾಯತೊಡಗಿತು. ಮೊಟ್ಟೆಗಳ್ಳರ ಭಯದಿಂದ ಗೂಡುಗಳಿಗೆ ಹಗಲಿರುಳು ಕಾವಲು ಹಾಕಿದ್ದೂ ಉಂಟು. ಕಾವಲಿನ ಜೊತೆಗೆ ನೋಡುವವರಿಗೂ ಮರೆಯ ತಾಣಗಳನ್ನು ಕಟ್ಟಿಕೊಟ್ಟರು. ಹದ್ದುಗಳ ಸೆಳೆತದಿಂದ ಪ್ರವಾಸಿಗರು ಮಲ್ ದ್ವೀಪದಲ್ಲಿ ವೆಚ್ಚ ಮಾಡುವ ಹಣ ವರ್ಷಕ್ಕೆ 50 ಲಕ್ಷ ಪೌಂಡುಗಳವರೆಗೆ ಇರಬಹುದೆಂದು ಪಕ್ಷಿ ಸಂರಕ್ಷಣೆಯ ರಾಯಲ್ ಸೊಸೈಟಿ 2011ರಲ್ಲಿ ಪ್ರಕಟಿಸಿದ ವರದಿ ಅಂದಾಜು ಮಾಡಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತವೆನ್ನಬಹುದಿತ್ತು. ಆದರೆ ಆ ಕರಾವಳಿಯ ಸಣ್ಣ ಹಿಡುವಳಿದಾರನ ಮಾತನ್ನೂ ಕೇಳಬೇಕು. 1886ರ ಕಾಯಿದೆಯಿಂದಾಗಿ ಅವನ ಮುತ್ತಜ್ಜನಿಗೆ ನೆಲದ ಮೇಲೆ ನಿಲ್ಲುವ ಹಕ್ಕು ದೊರೆಯಿತು; ದೊರೆತ ನೆಲ ಮಾತ್ರ ಕಲ್ಲುನೆಲ. ಅದರಲ್ಲಿ ಅವನು ಸಾಕುವುದು ಕುರಿ. ಹದ್ದು ಒಯ್ಯುವ ಮರಿಗಳಲ್ಲಿ ಮೊದಲೇ ಸತ್ತವೂ ಇರುತ್ತವೆ, ಜೀವಂತ ಮರಿಗಳೂ ಇರುತ್ತವೆ. ಹತ್ತಾರು ಕುರಿಗಳ ಒಡೆಯನಿಗೆ ನಾಲ್ಕು ಮರಿ ಹೋದರೂ ಅದು ಸಣ್ಣ ನಷ್ಟವಲ್ಲ. ಸರ್ಕಾರದ ನೆರವಿನ ಯೋಜನೆಯೇನೋ ಇದೆ. ಆದರೂ ಹಕ್ಕಿಯನ್ನು ನೋಡಿದವನು ವಾರದ ಕೊನೆಗೆ ಹಡಗು ಹತ್ತುತ್ತಾನೆ, ಹಕ್ಕಿಗೆ ಉಣಿಸಿದವನು ಅಲ್ಲೇ ಉಳಿಯುತ್ತಾನೆ. ಜನರನ್ನು ಎಬ್ಬಿಸಿ ಕುರಿ ತಂದಾಗ ಅವನ ಹಿರಿಯರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಕ್ಕಿಯನ್ನು ತಂದಾಗಲಾದರೂ ತನ್ನ ಮಾತಿಗೆ ಬೆಲೆ ಬರಲೆಂದು ಅವನು ಬಯಸಿದರೆ ಅದನ್ನು ಪ್ರಕೃತಿದ್ವೇಷವೆಂದು ಕರೆಯುವುದು ನ್ಯಾಯವಲ್ಲ.

ಕೊಂದು ಕಳೆದುದನ್ನು ಮರಳಿ ತರಬಹುದೆಂದು ಈ ದ್ವೀಪಗಳು ತೋರಿಸಿಕೊಟ್ಟಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ 1826ರಲ್ಲಿ ರಮ್ ದ್ವೀಪವನ್ನು ಬಿಟ್ಟವರು ಮರಳಲಿಲ್ಲ. ಅಲ್ಲಿ ಇಂದು ನೆಲೆಸಿರುವವರು ಕೆಲವೇ ಹತ್ತು ಮಂದಿ. ಅವರ ಸುತ್ತ, ಹುಲ್ಲು ಬೆಳೆದ ಇಳಿಜಾರುಗಳಲ್ಲಿ, ಹಿಂದಿನವರ ಮನೆಗಳ ಕಲ್ಲುಗೋಡೆಗಳು ಸೂರಿಲ್ಲದೆ ನಿಂತಿವೆ. ಹದ್ದಿಗಾಗಿ ಮುಗಿಲಿನತ್ತ ದುರ್ಬೀನು ಹಿಡಿದವರು ಒಮ್ಮೆ ಅದನ್ನು ಕೆಳಗಿಳಿಸಿ ಆ ಗೋಡೆಗಳನ್ನೂ ನೋಡಿದರೆ, ದ್ವೀಪವನ್ನು ಪೂರ್ತಿಯಾಗಿ ಕಂಡಂತಾಗುತ್ತದೆ.