ಓಡಿಬಂದವರ ನೆನಪಿಗೊಂದು ಮನೆ
(ಪವಿತ್ರ ಕುಟುಂಬದ ಹಬ್ಬದ ಚಿಂತನೆ)



ಕ್ರಿಸ್ಮಸ್ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ, ಅಷ್ಟರಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಮೂರು ವರ್ಷಗಳಿಗೊಮ್ಮೆ ಈ ಹಬ್ಬದಂದು ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಓದುತ್ತೇವೆ. ಹೆರೋದ ಅರಸ ಮಗುವನ್ನು ಕೊಲ್ಲಲು ಹುಡುಕಲಿದ್ದಾನೆ ಎಂದು ಕನಸಿನಲ್ಲಿ ತಿಳಿದ ಜೋಸೆಫರು ಅದೇ ರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾರೆ. ನಮ್ಮ ರಕ್ಷಕರು ಮಾತು ಕಲಿಯುವ ಮೊದಲೇ ನಿರಾಶ್ರಿತರಾದರು. 1952ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು ವಲಸಿಗರ ಕುರಿತು ಹೊರಡಿಸಿದ ‘ಎಕ್ಸುಲ್ ಫಮಿಲಿಯಾ’ ಎಂಬ ದಾಖಲೆಯಲ್ಲಿ, ಈಜಿಪ್ಟಿಗೆ ಓಡಿಹೋದ ಈ ಕುಟುಂಬವೇ ಎಲ್ಲ ಕಾಲದ ನಿರಾಶ್ರಿತ ಕುಟುಂಬಗಳಿಗೆ ಮಾದರಿ ಮತ್ತು ಆಸರೆ ಎಂದು ಬೋಧಿಸಿದರು.

ಈಜಿಪ್ಟಿನಲ್ಲಿ ಅವರಿಗೆ ಬಾಗಿಲು ತೆರೆದವರು ಯಾರು? ಶುಭಸಂದೇಶ ಅದನ್ನು ಹೇಳುವುದಿಲ್ಲ. ಆದರೆ ಆ ನಾಡಿನ ಕ್ರೈಸ್ತರು ಅದನ್ನು ಮರೆತಿಲ್ಲ. ಹಳೆಯ ಕೈರೋದಲ್ಲಿ ಸಂತ ಸೆರ್ಗಿಯುಸ್ ಮತ್ತು ಸಂತ ಬಾಕ್ಕುಸ್ ಅವರ ಹೆಸರಿನ ಪುರಾತನ ದೇವಾಲಯವಿದೆ. ಅದರ ನೆಲಮಾಳಿಗೆಯ ಗುಹೆಯಲ್ಲಿ ಪವಿತ್ರ ಕುಟುಂಬ ತಂಗಿತ್ತು ಎಂಬುದು ಅಲ್ಲಿನ ಪರಂಪರೆ. ಕೋಪ್ಟಿಕ್ ಧರ್ಮಸಭೆ ಪ್ರತಿವರ್ಷ ಜೂನ್ 1ರಂದು ಈ ಆಗಮನವನ್ನು ಹಬ್ಬವಾಗಿ ಆಚರಿಸುತ್ತದೆ. ಓಡಿಬಂದ ಒಂದು ಬಡ ಕುಟುಂಬದ ನೆನಪಿಗೆ ಒಂದು ಕಟ್ಟಡ ಇಷ್ಟು ಶತಮಾನ ಕಾವಲಾಗಿದೆ.

ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ನಮ್ಮ ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವನ್ನೇ ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಅದನ್ನು 1057ರ ಸುಮಾರಿಗೆ ಕಟ್ಟಿಸಿದ. ಸಾವಿರ ವರ್ಷ ಸಮೀಪಿಸುತ್ತಿದ್ದರೂ ಅವನ ಹೆಸರು ಉಳಿದಿದೆ. ಅರಸರು ಮಂತ್ರಿಗಳು ಶಾಸನ ಬರೆಸುತ್ತಾರೆ. ಮನೆಮಾರು ಬಿಟ್ಟು ಓಡಿಬಂದವರು ಬರೆಸುವುದಿಲ್ಲ. ಅವರ ನೆನಪನ್ನು ಬೇರೆ ಯಾರಾದರೂ ಉಳಿಸಬೇಕು. ಹಳೆಯ ಕಟ್ಟಡಗಳನ್ನು ನಿರಾಶ್ರಿತರ ವಸ್ತುಸಂಗ್ರಹಾಲಯಗಳನ್ನಾಗಿ ಮಾಡುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿರುವುದು ಇದಕ್ಕಾಗಿಯೇ.

ಡೆನ್ಮಾರ್ಕ್ ದೇಶದ ಓಕ್ಸ್‌ಬೋಲ್ ಎಂಬ ಊರಿನ ಕಥೆ ಕೇಳಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಐದು ವರ್ಷ ಡೆನ್ಮಾರ್ಕನ್ನು ಆಕ್ರಮಿಸಿಕೊಂಡಿತ್ತು. 1945ರಲ್ಲಿ ರಷ್ಯಾದ ಸೇನೆ ಮುನ್ನುಗ್ಗಿದಾಗ ಸುಮಾರು ಎರಡೂವರೆ ಲಕ್ಷ ಜರ್ಮನ್ನರು, ಬಹುಪಾಲು ಹೆಂಗಸರು ಮಕ್ಕಳು, ಸಮುದ್ರ ದಾಟಿ ಅದೇ ಡೆನ್ಮಾರ್ಕಿಗೆ ಬಂದರು. ಓಕ್ಸ್‌ಬೋಲ್ ಶಿಬಿರವೊಂದರಲ್ಲೇ ಸುಮಾರು 35 ಸಾವಿರ ಜನರಿದ್ದರು. ಶತ್ರುವಿನ ಮಕ್ಕಳಿಗೆ ಅನ್ನ ಹಾಕುವುದು ಆ ಜನರಿಗೆ ಸುಲಭವಾಗಿರಲಿಲ್ಲ. ಶಿಬಿರಕ್ಕೆ ತಂತಿಬೇಲಿ ಇತ್ತು, ಊರಿನವರೊಡನೆ ಒಡನಾಟಕ್ಕೆ ತಡೆ ಇತ್ತು. ದೇಶದಾದ್ಯಂತ ಸಾವಿರಾರು ಚಿಕ್ಕ ಮಕ್ಕಳು ರೋಗದಿಂದಲೂ ನಿತ್ರಾಣದಿಂದಲೂ ತೀರಿಕೊಂಡರು. 1949ರಲ್ಲಿ ಶಿಬಿರ ಮುಚ್ಚಿತು. ಅಳಿದುಳಿದ ಆಸ್ಪತ್ರೆಯ ಎರಡು ಕಟ್ಟಡಗಳನ್ನು ಜೋಡಿಸಿ 2022ರಲ್ಲಿ ನಿರಾಶ್ರಿತರ ವಸ್ತುಸಂಗ್ರಹಾಲಯ ತೆರೆಯಲಾಯಿತು. ಅಂದಿನ ಜರ್ಮನ್ನರ ಜೊತೆಗೆ ಸಿರಿಯ, ಅಫಘಾನಿಸ್ತಾನಗಳಿಂದ ಬಂದವರ ಕಥೆಯೂ ಅಲ್ಲಿದೆ. ನಾವು ಕೊಟ್ಟದ್ದನ್ನೂ ಕೊಡದೇ ಹೋದದ್ದನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳುವುದಕ್ಕೆ ಧೈರ್ಯ ಬೇಕು. ನಮ್ಮ ಭಾಷೆಯಲ್ಲಿ ಅದು ಆತ್ಮಶೋಧನೆ.

ನಮ್ಮ ದೇಶದಲ್ಲೂ ಅಮೃತಸರದ ಬ್ರಿಟಿಷ್ ಕಾಲದ ಟೌನ್ ಹಾಲ್ 2017ರ ಆಗಸ್ಟ್ 17ರಂದು ದೇಶವಿಭಜನೆಯ ವಸ್ತುಸಂಗ್ರಹಾಲಯವಾಯಿತು. 1947ರಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಅಲ್ಲಿರುವುದು ಆ ಕುಟುಂಬಗಳು ಕಾಪಾಡಿಕೊಂಡು ಬಂದ ಬಟ್ಟೆ, ಪೆಟ್ಟಿಗೆ, ಪತ್ರಗಳು ಮತ್ತು ಮುದುಕರ ದನಿಯಲ್ಲೇ ಹಿಡಿದಿಟ್ಟ ಮಾತುಗಳು.

ಇನ್ನು ಬೆಳಗಾವಿಯ ಗಡಿಯಾಚೆಗಿನ ಕೊಲ್ಹಾಪುರಕ್ಕೆ ಬನ್ನಿ. ಅದರ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲೆಂಡಿನ ನಿರಾಶ್ರಿತರು ಇದ್ದರು. ಸೋವಿಯತ್ ಸರ್ಕಾರ ಅವರನ್ನು 1940-41ರಲ್ಲಿ ಮನೆಗಳಿಂದ ಎಬ್ಬಿಸಿ ಸೈಬೀರಿಯ, ಕಜಕಸ್ತಾನಗಳ ಚಳಿಗೆ ಸಾಗಿಸಿತ್ತು. ಅಲ್ಲಿಂದ ಬಿಡುಗಡೆಯಾಗಿ, ಇರಾನ್ ದಾಟಿ ಭಾರತಕ್ಕೆ ಬಂದ ಈ ತಾಯಂದಿರು ಮಕ್ಕಳಲ್ಲಿ ಬಹುಪಾಲು ಜನ ನಮ್ಮಂತೆಯೇ ಕಥೋಲಿಕರು. ಸಾಲು ಸಾಲು ಬ್ಯಾರಕ್ಕುಗಳ ನಡುವೆ ಅವರಿಗೊಂದು ಚರ್ಚ್ ಇತ್ತು, ಶಾಲೆಗಳಿದ್ದವು. ಅವರು ಹೊರಟ ಮೇಲೆ ಸಿಂಧ್ ಪ್ರಾಂತ್ಯ ಬಿಟ್ಟುಬಂದ ಹಿಂದೂ ಕುಟುಂಬಗಳು ಅಲ್ಲಿಯೇ ನೆಲೆಸಿದವು. ಇಂದು ಆ ಜಾಗ ಬಟ್ಟೆ ವ್ಯಾಪಾರಕ್ಕೆ ಹೆಸರಾದ ಗಾಂಧಿನಗರ. ಒಬ್ಬರು ಅತ್ತು ಹೋದ ಸೂರಿನಡಿ ಇನ್ನೊಬ್ಬರು ಬದುಕು ಕಟ್ಟಿದರು. ಪೋಲೆಂಡಿನ ಜನ ಈ ಉಪಕಾರವನ್ನು ಮರೆಯದೆ ತಮ್ಮ ರಾಜಧಾನಿ ವಾರ್ಸಾದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕವನ್ನೇ ನಿಲ್ಲಿಸಿದ್ದಾರೆ. 2024ರ ಆಗಸ್ಟ್‌ನಲ್ಲಿ ನಮ್ಮ ಪ್ರಧಾನಿಯವರು ಅಲ್ಲಿ ಗೌರವ ಸಲ್ಲಿಸಿದರು.

ನಮ್ಮ ತುಂಗಭದ್ರೆಯ ದಡದಲ್ಲಿ ಇಂಥ ಕಥೆ ಇಲ್ಲವೇ? ಇದೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಅಣೆಕಟ್ಟು 90 ಹಳ್ಳಿಗಳನ್ನೂ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಎಬ್ಬಿಸಿತು. ನಾರಾಯಣದೇವರಕೆರೆಯವರು ಊರನ್ನೇ ನೀರಿಗೆ ಬಿಟ್ಟು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಗಡಿ ದಾಟದ ಇವರನ್ನು ಕಾನೂನು ನಿರಾಶ್ರಿತರೆಂದು ಕರೆಯುವುದಿಲ್ಲ. ಆದರೆ ಹುಟ್ಟಿದ ಮನೆಯ ಹೊಸ್ತಿಲು ನೀರಿನಡಿ ಹೋದ ದುಃಖಕ್ಕೆ ಗಡಿ ಏಕೆ ಬೇಕು? ಅದೇ ಅಣೆಕಟ್ಟಿನ ಎಡದಂಡೆ ಕಾಲುವೆಯ ಸೀಮೆಯಲ್ಲಿ, ಸಿಂಧನೂರಿನ ಬಳಿ, ಪೂರ್ವ ಬಂಗಾಳದಿಂದ ಓಡಿಬಂದ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟಿತು. ಆ ಊರುಗಳನ್ನು ಜನ ಇಂದಿಗೂ ಆರ್.ಎಚ್. ಕ್ಯಾಂಪ್ ಎನ್ನುತ್ತಾರೆ. ಒಬ್ಬರ ಊರನ್ನು ನುಂಗಿದ ನೀರೇ ಇನ್ನೊಬ್ಬರ ನೆಲೆಗೆ ಆಸರೆಯಾಯಿತು. ನಮ್ಮ ತಟ್ಟೆಯ ಅನ್ನದಲ್ಲಿ ಈ ಇಬ್ಬರ ಪಾಲೂ ಇದೆ.

ನೀವೇ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ, ಆದ್ದರಿಂದ ಪರದೇಶಿಯನ್ನು ಪ್ರೀತಿಸಿರಿ ಎಂಬುದು ಧರ್ಮೋಪದೇಶ ಕಾಂಡದಲ್ಲಿ ದೇವರು ಇಸ್ರಯೇಲರಿಗೆ ಕೊಟ್ಟ ಆಜ್ಞೆಯ ಸಾರ. ಮೊದಲು ನೆನಪು, ಆಮೇಲೆ ಪ್ರೀತಿ. ತನ್ನ ಅಜ್ಜ ಗಂಟುಮೂಟೆ ಹೊತ್ತು ಬಂದದ್ದನ್ನು ಮರೆತ ಮನೆಯೇ ಹೊಸದಾಗಿ ಬಂದವನಿಗೆ ಬಾಗಿಲು ಹಾಕುತ್ತದೆ. ಪ್ರತಿವರ್ಷ ಗುಳೆ ಹೋಗುವ ನಮ್ಮ ಸೀಮೆಯ ಜನರಿಗೆ ಪರಊರಿನ ಬಾಗಿಲ ಬೆಲೆ ಚೆನ್ನಾಗಿ ಗೊತ್ತು.

ನಮಗೆ ದೊಡ್ಡ ಕಟ್ಟಡ ಬೇಕಿಲ್ಲ. ಧರ್ಮಕೇಂದ್ರದ ಹಳೆಯ ಒಂದು ಕೋಣೆ ಸಾಕು. ಅಲ್ಲಿ ಮುಳುಗಡೆಯ ಮನೆಗಳಿಂದ ಉಳಿದುಬಂದ ಒಂದು ಬಿಂದಿಗೆ, ಒಂದು ಬಾಗಿಲ ಚಿಲಕ, ಪರಿಹಾರದ ಹಳೆಯ ಕಾಗದ, ಒಂದು ಫೋಟೋ ಇಡಬಹುದು. ಜ್ಞಾನಸ್ನಾನದ ದಫ್ತರಗಳಲ್ಲಿ ಈಗಿಲ್ಲದ ಊರಿನ ಹೆಸರು ಇದ್ದರೆ ಬರೆದಿಡಬಹುದು. ಆದರೆ ತಡಮಾಡುವಂತಿಲ್ಲ. ನೀರು ಬಂದಾಗ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಈ ಹಬ್ಬದ ಊಟದ ನಂತರ ಮಕ್ಕಳು ಫೋನನ್ನು ಆಟಕ್ಕೆ ಬಳಸುವ ಬದಲು ಅಜ್ಜಿಯ ಮುಂದಿಟ್ಟು, “ಅಜ್ಜೀ, ನಿಮ್ಮ ಹಳೇ ಊರು ಹೆಂಗಿತ್ತು?” ಎಂದು ಕೇಳಲಿ. ಆ ದನಿಯನ್ನು ಹಿಡಿದಿಡಲಿ.

ಕೊನೆಯ ದಿನ ಪ್ರಭು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ನಮಗೆ ಈಗಲೇ ಗೊತ್ತಿದೆ: ತಾವು ಪರದೇಶಿಯಾಗಿ ಬಂದಾಗ ನಾವು ಒಳಗೆ ಕರೆದೆವೇ ಎಂಬುದು. ಈಜಿಪ್ಟಿನ ಹಾದಿ ತುಳಿದ ಯೇಸು, ಮರಿಯ, ಜೋಸೆಫರು ನಮ್ಮ ಮನೆಗಳ ಬಾಗಿಲನ್ನು ತೆರೆದಿಡಲಿ. ಆಮೆನ್.