ಪೇಸ್‌ಮೇಕರಿಗೆ ಇನ್ನೊಂದು ತಂತಿ: ಮೇಲ್ದರ್ಜೆಗೇರಿಸುವ ನಿರ್ಧಾರದ ಆಧಾರಗಳು

ಸಾರಾಂಶ

ಬಲ ಹೃತ್ಕುಕ್ಷಿಯಿಂದ ವರ್ಷಗಟ್ಟಲೆ ಪೇಸಿಂಗ್ ನಡೆದಾಗ ಕೆಲವರಲ್ಲಿ ಎಡ ಹೃತ್ಕುಕ್ಷಿ ದುರ್ಬಲವಾಗುತ್ತದೆ. ಅಂಥವರಿಗೆ ಹೆಚ್ಚುವರಿ ತಂತಿ ಜೋಡಿಸಿ ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಪ್ರಚೋದಿಸುವ ಸಿಆರ್‌ಟಿಗೆ ಬದಲಾಯಿಸಬಹುದು. ಈ ಬದಲಾವಣೆಯ ಲಾಭನಷ್ಟಗಳನ್ನು 2002ರಿಂದೀಚಿನ ಪ್ರಮುಖ ಪ್ರಯೋಗಗಳ ಬೆಳಕಿನಲ್ಲಿ ಲೇಖನ ಪರಿಶೀಲಿಸುತ್ತದೆ. ಪೇಸಿಂಗ್‌ನಿಂದ ಹಾನಿಯಾಗಿದೆ ಎಂಬುದಕ್ಕೆ ಆಧಾರವಿದ್ದಾಗ ಹೊಸ ತಂತಿಯನ್ನು ತಡಮಾಡದೆ ಹಾಕಬೇಕು. ಬ್ಯಾಟರಿ ಬದಲಿಸುವ ದಿನ ಬಂದಿದೆ ಎಂಬುದಷ್ಟೇ ಅದಕ್ಕೆ ಕಾರಣವಾಗಬಾರದು. ಇದು ಇಲ್ಲಿನ ವಾದ.

ಪ್ರಮುಖ ಪದಗಳು: ಪೇಸ್‌ಮೇಕರ್, ಸಿಆರ್‌ಟಿ, ಹೃದಯ ವೈಫಲ್ಯ, ಎಜೆಕ್ಷನ್ ಫ್ರ್ಯಾಕ್ಷನ್, ವಾಹಕ ವ್ಯವಸ್ಥೆಯ ಪೇಸಿಂಗ್

1. ಪೀಠಿಕೆ

ದೇಹದೊಳಗೆ ಪೂರ್ತಿಯಾಗಿ ಹುದುಗಿಸಿದ ಮೊದಲ ಪೇಸ್‌ಮೇಕರನ್ನು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರೂಪಿಸಿದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅದನ್ನು ಆರ್ನೆ ಲಾರ್ಸನ್ ಅವರಿಗೆ ಅಳವಡಿಸಿದರು. ಆ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮಾತ್ರ 2001ರವರೆಗೆ ಬದುಕಿದರು, ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡರು. ಪೇಸ್‌ಮೇಕರ್ ಚಿಕಿತ್ಸೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂಬುದು ಆ ಮೊದಲ ರೋಗಿಯಿಂದಲೇ ತಿಳಿದಿತ್ತು. ಇಂದಿನ ಯಂತ್ರಗಳು ಹಲವು ವರ್ಷ ಬಾಳುತ್ತವೆ. ಆದರೂ ಪ್ರತಿ ಬದಲಾವಣೆಯ ಹೊತ್ತಿಗೆ ಹೃದಯ ಮೊದಲಿದ್ದ ಸ್ಥಿತಿಯಲ್ಲಿ ಇರುವುದಿಲ್ಲ.

ಆಗ ಎದುರಾಗುವ ಪ್ರಶ್ನೆ ಇದು: ಇದ್ದ ತಂತಿಗಳಿಗೇ ಹೊಸ ಯಂತ್ರ ಜೋಡಿಸಿದರೆ ಸಾಕೆ, ಇನ್ನೊಂದು ತಂತಿಯೂ ಬೇಕೆ? ಒಂದೇ ತಂತಿಯ ಯಂತ್ರವಿರುವ ಕೆಲವರಲ್ಲಿ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ಲಯ ತಪ್ಪಿ ತಲೆಸುತ್ತು, ಸುಸ್ತು, ಕುತ್ತಿಗೆಯ ನಾಳದ ಬಡಿತ ಕಾಣಿಸಿಕೊಳ್ಳುತ್ತವೆ. ಪೇಸ್‌ಮೇಕರ್ ಸಿಂಡ್ರೋಮ್ ಎಂದು ಕರೆಯಲಾಗುವ ಈ ತೊಂದರೆಗೆ ಹೃತ್ಕರ್ಣದ ತಂತಿ ಪರಿಹಾರ. ಅಲ್ಲಿ ರೋಗಿಯ ಲಕ್ಷಣಗಳೇ ದಾರಿ ತೋರಿಸುವುದರಿಂದ ಗೊಂದಲ ಕಡಿಮೆ. ಎಡ ಹೃತ್ಕುಕ್ಷಿಯನ್ನು ಪ್ರಚೋದಿಸುವ ತಂತಿಯ ವಿಷಯ ಹಾಗಲ್ಲ. ಲಾಭವೂ ಅಪಾಯವೂ ದೊಡ್ಡದಾಗಿರುವ ಆ ನಿರ್ಧಾರವೇ ಈ ಲೇಖನದ ವಸ್ತು.

2. ಹಾನಿ ಹೇಗೆ ಆಗುತ್ತದೆ

ಸಹಜ ಬಡಿತದಲ್ಲಿ ವಿದ್ಯುತ್ ಸಂಕೇತ ಹೃದಯದ ವಾಹಕ ವ್ಯವಸ್ಥೆಯಾದ ಹಿಸ್ ಕಟ್ಟು ಮತ್ತು ಅದರ ಕವಲುಗಳ ಮೂಲಕ ಎರಡೂ ಹೃತ್ಕುಕ್ಷಿಗಳನ್ನು ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ತಲುಪುತ್ತದೆ. ಬಲ ಹೃತ್ಕುಕ್ಷಿಯ ತುದಿಗೆ ತಂತಿ ಸಿಕ್ಕಿಸಿ ಪ್ರಚೋದಿಸಿದಾಗ ಸಂಕೇತ ಸ್ನಾಯುವಿನಿಂದ ಸ್ನಾಯುವಿಗೆ ನಿಧಾನವಾಗಿ ಹರಿಯುತ್ತದೆ. ಎಡ ಹೃತ್ಕುಕ್ಷಿಯ ನಡುಗೋಡೆ ಮೊದಲು ಕುಗ್ಗುತ್ತದೆ, ಹೊರಗೋಡೆ ತಡವಾಗಿ ಕುಗ್ಗುತ್ತದೆ. ಜೋಡೆತ್ತುಗಳಲ್ಲಿ ಒಂದು ಹೆಜ್ಜೆ ತಪ್ಪಿದರೆ ಎಳೆದ ಶಕ್ತಿಯೆಲ್ಲ ಗಾಡಿಗೆ ಸಿಗದಂತೆ, ಇಲ್ಲಿಯೂ ಸ್ನಾಯು ದುಡಿಯುತ್ತದೆ, ಆದರೆ ರಕ್ತ ತಕ್ಕಷ್ಟು ಮುಂದೆ ಹೋಗುವುದಿಲ್ಲ. ಕಾಲಕ್ರಮದಲ್ಲಿ ಎಡ ಹೃತ್ಕುಕ್ಷಿ ಹಿಗ್ಗಿ, ಪ್ರತಿ ಬಡಿತಕ್ಕೆ ಅದು ಹೊರದೂಡುವ ರಕ್ತದ ಪಾಲು, ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್, ಕುಸಿಯುತ್ತದೆ.

2002ರ ಡೇವಿಡ್ ಪ್ರಯೋಗ ಈ ಹಾನಿಯತ್ತ ವೈದ್ಯಲೋಕದ ಕಣ್ಣು ತೆರೆಸಿತು. ಐಸಿಡಿ (ಆಘಾತ ಕೊಟ್ಟು ಹಠಾತ್ ಸಾವನ್ನು ತಡೆಯುವ ಯಂತ್ರ) ಅಳವಡಿಸಿಕೊಂಡ 506 ಜನರಲ್ಲಿ, ಹೆಚ್ಚು ಪೇಸಿಂಗ್ ನಡೆಯುವಂತೆ ಹೊಂದಿಸಿದ ಗುಂಪಿನ ಶೇ. 73.3ರಷ್ಟು ಜನ ಮಾತ್ರ ಒಂದು ವರ್ಷ ಸಾವಾಗಲಿ ಹೃದಯ ವೈಫಲ್ಯದ ಆಸ್ಪತ್ರೆವಾಸವಾಗಲಿ ಇಲ್ಲದೆ ಕಳೆದರು. ಅಗತ್ಯ ಬಿದ್ದಾಗಷ್ಟೇ ಪೇಸಿಂಗ್ ಮಾಡುವಂತೆ ಹೊಂದಿಸಿದ ಗುಂಪಿನಲ್ಲಿ ಈ ಪ್ರಮಾಣ ಶೇ. 83.9. ಮರುವರ್ಷ ಪ್ರಕಟವಾದ ಮೋಸ್ಟ್ ಪ್ರಯೋಗದ ಉಪವಿಶ್ಲೇಷಣೆ, ಎರಡು ತಂತಿಯ ಯಂತ್ರವಿರುವವರಲ್ಲಿ ಹೃತ್ಕುಕ್ಷಿಯ ಪೇಸಿಂಗ್ ಶೇ. 40 ದಾಟಿದರೆ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಸಂಭವ ಸುಮಾರು 2.6 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿತು. 2009ರಲ್ಲಿ ಪ್ರಕಟವಾದ ಪೇಸ್ ಪ್ರಯೋಗದಲ್ಲಿ ಇದ್ದವರು ಸಹಜ ಎಜೆಕ್ಷನ್ ಫ್ರ್ಯಾಕ್ಷನ್‌ನ 177 ಮಂದಿ. ಒಂದೇ ವರ್ಷದಲ್ಲಿ ಬಲ ಹೃತ್ಕುಕ್ಷಿಯ ಪೇಸಿಂಗ್ (ಬಲ ಪೇಸಿಂಗ್) ಪಡೆದವರಲ್ಲಿ ಅದರ ಸರಾಸರಿ ಶೇ. 54.8ಕ್ಕೆ ಇಳಿದಿತ್ತು, ಎರಡೂ ಕಡೆ ಪೇಸಿಂಗ್ ಪಡೆದವರದು ಶೇ. 62.2 ಇತ್ತು.

ಆದರೆ ಬಲ ಪೇಸಿಂಗ್ ಪಡೆಯುವ ಎಲ್ಲರ ಹೃದಯವೂ ಸೋಲುವುದಿಲ್ಲ. ಎಷ್ಟೋ ಜನ ಶೇ. 100ರಷ್ಟು ಪೇಸಿಂಗ್‌ನಲ್ಲಿಯೇ ದಶಕಗಳ ಕಾಲ ಚೆನ್ನಾಗಿರುತ್ತಾರೆ. ಪೇಸಿಂಗ್ ಪ್ರಮಾಣ ಶೇ. 20ಕ್ಕಿಂತ ಹೆಚ್ಚಿದ್ದು, ಪೇಸಿಂಗ್ ನಡೆದಾಗ ಇಸಿಜಿಯ ಕ್ಯೂಆರ್‌ಎಸ್ (ಹೃತ್ಕುಕ್ಷಿಗಳಿಗೆ ಸಂಕೇತ ಹರಡುವುದನ್ನು ತೋರಿಸುವ ಅಲೆ) 150 ಮಿಲಿಸೆಕೆಂಡಿಗಿಂತ ಅಗಲವಾಗಿದ್ದರೆ ಅಪಾಯ ಹೆಚ್ಚು. ಮೇಲ್ದರ್ಜೆಗೇರಿಸುವ ಚರ್ಚೆ ಶುರುವಾಗಬೇಕಾದದ್ದು ಈ ವ್ಯತ್ಯಾಸದಿಂದ.

3. ಲಾಭದ ಸಾಕ್ಷ್ಯ

2013ರ ಬ್ಲಾಕ್-ಎಚ್‌ಎಫ್ ಪ್ರಯೋಗವನ್ನು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ಎವಿ ಬ್ಲಾಕ್ (ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಹೋಗುವ ಸಂಕೇತಕ್ಕೆ ತಡೆ) ಮತ್ತು ಶೇ. 50ಕ್ಕೆ ಮೀರದ ಎಜೆಕ್ಷನ್ ಫ್ರ್ಯಾಕ್ಷನ್ ಇದ್ದ 691 ಜನರಲ್ಲಿ ಅಹಿತಕರ ಘಟನೆಗಳು ಎರಡೂ ಕಡೆಯ ಪೇಸಿಂಗ್ ಪಡೆದವರಲ್ಲಿ ಶೇ. 45.8, ಬಲ ಪೇಸಿಂಗ್ ಪಡೆದವರಲ್ಲಿ ಶೇ. 55.6 ಇದ್ದವು. ಆದರೆ ಅವರೆಲ್ಲ ಮೊದಲ ಸಲ ಯಂತ್ರ ಹಾಕಿಸಿಕೊಂಡವರು. ಹಳೆಯ ತಂತಿಗಳಿರುವ ಎದೆಗೆ ಹೊಸದನ್ನು ಸೇರಿಸುವ ಸಂದರ್ಭಕ್ಕೆ ಆ ಫಲಿತಾಂಶವನ್ನು ನೇರವಾಗಿ ಅನ್ವಯಿಸುವುದು ಸರಿಯಲ್ಲ.

ಆ ಕೊರತೆಯನ್ನು ತುಂಬಿದ್ದು 2023ರ ಬುಡಾಪೆಸ್ಟ್ ಸಿಆರ್‌ಟಿ ಅಪ್‌ಗ್ರೇಡ್ ಪ್ರಯೋಗ. ಬೇಲಾ ಮರ್ಕೆಯ್ ನೇತೃತ್ವದ ಈ ಅಧ್ಯಯನಕ್ಕೆ ಈಗಾಗಲೇ ಪೇಸ್‌ಮೇಕರ್ ಅಥವಾ ಐಸಿಡಿ ಹೊಂದಿದ್ದ 360 ಜನರನ್ನು ಆರಿಸಲಾಯಿತು. ಅವರ ಎಜೆಕ್ಷನ್ ಫ್ರ್ಯಾಕ್ಷನ್ ಶೇ. 35ಕ್ಕೆ ಮೀರಿರಲಿಲ್ಲ, ಪೇಸಿಂಗ್ ಶೇ. 20ಕ್ಕೆ ಕಡಿಮೆಯಿರಲಿಲ್ಲ, ಪೇಸಿಂಗ್‌ನ ಕ್ಯೂಆರ್‌ಎಸ್ ಕನಿಷ್ಠ 150 ಮಿಲಿಸೆಕೆಂಡ್ ಇತ್ತು, ಹೃದಯ ವೈಫಲ್ಯದ ಲಕ್ಷಣಗಳೂ ಇದ್ದವು. ಸುಮಾರು ಒಂದು ವರ್ಷದ ಅವಧಿಯಲ್ಲಿ ಪ್ರಾಥಮಿಕ ಅಹಿತಕರ ಫಲಿತಾಂಶ ಸಿಆರ್‌ಟಿ-ಡಿ (ಐಸಿಡಿಯೂ ಸೇರಿದ ಸಿಆರ್‌ಟಿ) ಗುಂಪಿನ ಶೇ. 32.4 ಜನರಲ್ಲಿ, ಐಸಿಡಿ ಗುಂಪಿನ ಶೇ. 78.9 ಜನರಲ್ಲಿ ಕಂಡುಬಂತು. ಎಕೋದಲ್ಲಿ ಎಡ ಹೃತ್ಕುಕ್ಷಿ ತಕ್ಕಷ್ಟು ಕುಗ್ಗದಿರುವುದೂ ಈ ಫಲಿತಾಂಶದ ಭಾಗವಾಗಿದ್ದರಿಂದ ಅಂಕಿಯನ್ನು ಎಚ್ಚರದಿಂದ ಓದಬೇಕು. ಹಾಗಿದ್ದರೂ ಸಾವು ಮತ್ತು ಹೃದಯ ವೈಫಲ್ಯದ ಆಸ್ಪತ್ರೆವಾಸಗಳನ್ನಷ್ಟೇ ಎಣಿಸಿದಾಗಲೂ ಶೇ. 10 ಮತ್ತು ಶೇ. 32ರ ಅಂತರ ಉಳಿಯಿತು. ಇಂಥ ರೋಗಿಯ ಯಂತ್ರವನ್ನು ಮೇಲ್ದರ್ಜೆಗೇರಿಸುವುದನ್ನು ಮುಂದೂಡುವುದಕ್ಕೆ ಇನ್ನು ಸಮರ್ಥನೆ ಸಿಗುವುದು ಕಷ್ಟ.

ಇದೇ ಪ್ರಯೋಗ ತನ್ನ ಎಲ್ಲೆಯನ್ನೂ ಹೇಳುತ್ತದೆ. ಎಜೆಕ್ಷನ್ ಫ್ರ್ಯಾಕ್ಷನ್ ಶೇ. 45 ಇದ್ದು ಲವಲವಿಕೆಯಿಂದ ಓಡಾಡುವ ವ್ಯಕ್ತಿ ಅದರಲ್ಲಿ ಇರಲಿಲ್ಲ. ಅವರ ಹೆಸರಿನಲ್ಲಿ ಈ ಅಂಕಿಗಳನ್ನು ಬಳಸುವಂತಿಲ್ಲ.

4. ತೆರಬೇಕಾದ ಬೆಲೆ

ಅಮೆರಿಕದ ರಿಪ್ಲೇಸ್ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಯಂತ್ರವನ್ನಷ್ಟೇ ಬದಲಿಸಿದವರಲ್ಲಿ ಆರು ತಿಂಗಳೊಳಗೆ ದೊಡ್ಡ ತೊಡಕು ಕಂಡದ್ದು ಶೇ. 4 ಮಂದಿಯಲ್ಲಿ. ಯೋಜಿತವಾಗಿ ತಂತಿಯನ್ನೂ ಸೇರಿಸಿದಾಗ ಅದು ಶೇ. 15.3ಕ್ಕೆ ಏರಿತು, ಎಡ ಹೃತ್ಕುಕ್ಷಿಯ ತಂತಿ ಒಳಗೊಂಡವರಲ್ಲಿ ಶೇ. 18.7 ಆಯಿತು. ಉಪಕರಣ ಮತ್ತು ಕೌಶಲ ಅಂದಿನಿಂದ ಸುಧಾರಿಸಿವೆ, ನಿಜ. ಆದರೂ ‘ಯಂತ್ರದ ಜಾಗ ಹೇಗೂ ತೆರೆಯುತ್ತೇವಲ್ಲ, ಒಂದು ತಂತಿ ಹಾಕಿಬಿಡೋಣ’ ಎಂಬ ಧೋರಣೆಗೆ ಈ ಅಂಕಿಗಳು ತಡೆಯೊಡ್ಡುತ್ತವೆ.

ತೊಡಕುಗಳಿಗೆ ಕಾರಣಗಳು ಸ್ಪಷ್ಟ. ಹಳೆಯ ತಂತಿಗಳ ಸುತ್ತ ಕಲೆಗಟ್ಟಿ ಭುಜದ ಅಭಿಧಮನಿ ಸದ್ದಿಲ್ಲದೆ ಮುಚ್ಚಿಹೋಗಿರಬಹುದು. ಕೈ ಊದಿಲ್ಲವೆಂದ ಮಾತ್ರಕ್ಕೆ ದಾರಿ ತೆರೆದಿದೆ ಎಂದು ತಿಳಿಯುವಂತಿಲ್ಲ, ಶಸ್ತ್ರಚಿಕಿತ್ಸೆಗೆ ಮುನ್ನ ವೀನೋಗ್ರಾಂ (ಅಭಿಧಮನಿಯ ಎಕ್ಸ್-ರೇ ಚಿತ್ರ) ಮಾಡಿಸುವುದು ಒಳ್ಳೆಯದು. ಹೃದಯದ ಅಭಿಧಮನಿಯಾದ ಕರೊನರಿ ಸೈನಸ್‌ನ ಮೂಲಕ ಎಡ ಹೃತ್ಕುಕ್ಷಿಗೆ ಕಳಿಸಿದ ತಂತಿ ಜಾರಬಹುದು, ವಪೆಯ ನರವನ್ನು ಕೆರಳಿಸಿ ಬಿಕ್ಕಳಿಕೆ ತರಿಸಬಹುದು. ಮತ್ತೆ ತೆರೆದ ಜಾಗಕ್ಕೆ ಸೋಂಕು ತಗಲಿದರೆ ಯಂತ್ರವನ್ನೂ ಎಲ್ಲ ತಂತಿಗಳನ್ನೂ ಹೊರತೆಗೆಯಬೇಕಾಗುತ್ತದೆ. ತಂತಿ ಹಳೆಯದಾದಷ್ಟೂ ಆ ಕೆಲಸ ಅಪಾಯಕರ. ಬ್ಯಾಟರಿಯೂ ಬೇಗ ಮುಗಿಯುವುದರಿಂದ ಮುಂದಿನ ಶಸ್ತ್ರಚಿಕಿತ್ಸೆ ಹತ್ತಿರವಾಗುತ್ತದೆ.

ಅಪಾಯ ತಗ್ಗಿಸುವ ಕ್ರಮಗಳೂ ಇವೆ. 2013ರ ಬ್ರೂಸ್ ಕಂಟ್ರೋಲ್ ಪ್ರಯೋಗದಲ್ಲಿ ವಾರ್ಫರಿನ್ ನಿಲ್ಲಿಸಿ ಹೆಪಾರಿನ್ ಕೊಟ್ಟವರ ಪೈಕಿ ಶೇ. 16 ಜನರಿಗೆ ಗಣನೀಯ ರಕ್ತಗಂಟು ಉಂಟಾಯಿತು, ವಾರ್ಫರಿನ್ ಮುಂದುವರಿಸಿದವರಲ್ಲಿ ಶೇ. 3.5 ಮಾತ್ರ. 2019ರ ರ‍್ಯಾಪ್-ಇಟ್ ಪ್ರಯೋಗದಲ್ಲಿ ಪ್ರತಿಜೀವಕ ಲೇಪಿತ ಜಾಲರಿ ಚೀಲ ಬಳಸಿದಾಗ ದೊಡ್ಡ ಸೋಂಕು ಶೇ. 1.2ರಿಂದ ಶೇ. 0.7ಕ್ಕೆ ಇಳಿಯಿತು.

5. ನಿರ್ಧಾರದ ಕ್ರಮ

ಈ ಸಾಕ್ಷ್ಯಗಳಿಂದ ನಾಲ್ಕು ಪ್ರಶ್ನೆಗಳು ಹುಟ್ಟುತ್ತವೆ. ಅವುಗಳನ್ನು ಇದೇ ಕ್ರಮದಲ್ಲಿ ಕೇಳಬೇಕು ಎಂಬುದು ನನ್ನ ನಿಲುವು.

ಮೊದಲನೆಯದು, ಹೃದಯ ದುರ್ಬಲವಾಗಿರುವುದು ಪೇಸಿಂಗ್‌ನಿಂದಲೇ? ಹೃದಯದ ರಕ್ತನಾಳಗಳ ಅಡಚಣೆ, ಕವಾಟದ ದೋಷ, ಹೃತ್ಕರ್ಣದ ಅಂಕೆಯಿಲ್ಲದ ವೇಗ, ಪದೇ ಪದೇ ಬರುವ ಅಕಾಲ ಬಡಿತಗಳು ಇವೆಲ್ಲವೂ ಕಾರಣವಾಗಬಲ್ಲವು. ನಡುವಯಸ್ಸಿಗೆ ಮುನ್ನವೇ ಎವಿ ಬ್ಲಾಕ್ ಆದವರಲ್ಲಿ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ರೋಗ ಇದೆಯೇ ಎಂದು ನೋಡಲೇಬೇಕು. ಮೊದಲು ವಾಹಕ ವ್ಯವಸ್ಥೆಯನ್ನು ಕೆಡಿಸಿದ ಅದೇ ರೋಗ ನಂತರ ಸ್ನಾಯುವನ್ನೂ ಕೆಡಿಸಿರಬಹುದು. ಆಗ ಹೊಸ ತಂತಿಯೊಂದೇ ಸಾಲದು.

ಎರಡನೆಯದು, ಪೇಸಿಂಗನ್ನೇ ತಗ್ಗಿಸಲು ಸಾಧ್ಯವೆ? ರೋಗಿಯ ಸ್ವಂತ ವಾಹಕ ವ್ಯವಸ್ಥೆಯಲ್ಲಿ ಇನ್ನೂ ಜೀವವಿದ್ದರೆ ಯಂತ್ರದ ಹೊಂದಾಣಿಕೆ ಬದಲಿಸಿದರೆ ಸಾಕಾಗಬಹುದು. 2007ರ ಸೇವ್-ಪೇಸ್ ಪ್ರಯೋಗದಲ್ಲಿ ಕೇವಲ ಇಂಥ ಬದಲಾವಣೆಯಿಂದ ಹೃತ್ಕುಕ್ಷಿಯ ಪೇಸಿಂಗ್ ಶೇ. 99ರ ಬದಲು ಶೇ. 9.1ಕ್ಕೆ ಇಳಿದಿತ್ತು. ಚಾಕು ಮುಟ್ಟದೆ ಆಗುವ ಈ ಚಿಕಿತ್ಸೆಯನ್ನು ಮೊದಲು ಪ್ರಯತ್ನಿಸದಿರುವುದು ತಪ್ಪು. ಹೃದಯ ವೈಫಲ್ಯದ ಔಷಧಿಗಳನ್ನು ಸರಿಯಾದ ಪ್ರಮಾಣಕ್ಕೆ ತರುವುದೂ ಈ ಹಂತದಲ್ಲಿಯೇ ಆಗಬೇಕು. ಆದರೆ ಸಂಪೂರ್ಣ ಬ್ಲಾಕ್ ಇದ್ದು ಸ್ಥಿತಿ ಕುಸಿಯುತ್ತಿರುವವರನ್ನು ಔಷಧಿಯ ಹೆಸರಿನಲ್ಲಿ ತಿಂಗಳುಗಟ್ಟಲೆ ಕಾಯಿಸುವುದು ಸಲ್ಲದು.

ಮೂರನೆಯದು, ತಂತಿ ಎಲ್ಲಿಗೆ? ಕರೊನರಿ ಸೈನಸ್ ದಾರಿಗೆ ದೀರ್ಘ ಸಾಕ್ಷ್ಯದ ಬಲವಿದೆ. ಚೀನಾದ ವೆಯ್‌ಜಿಯಾನ್ ಹುವಾಂಗ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ, ಹಿಸ್ ಕಟ್ಟಿನ ಎಡ ಕವಲಿನ ಪೇಸಿಂಗ್, ಹೃದಯದ ಸ್ವಂತ ವಾಹಕ ಮಾರ್ಗವನ್ನೇ ಹಿಡಿಯುವುದರಿಂದ ಕ್ಯೂಆರ್‌ಎಸ್ ಕಿರಿದಾಗುತ್ತದೆ. ಬಳಸುವ ತಂತಿಯೂ ಸಾಮಾನ್ಯ ಪೇಸಿಂಗ್ ತಂತಿಯೇ ಆದ್ದರಿಂದ ವೆಚ್ಚ ತಗ್ಗುವ ಅವಕಾಶವಿದೆ. ಬಹುಪಾಲು ಕುಟುಂಬಗಳು ಯಂತ್ರದ ಬೆಲೆ ನೋಡಿಯೇ ಚಿಕಿತ್ಸೆ ನಿರ್ಧರಿಸುವ ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಅದರ ದೀರ್ಘಾವಧಿಯ ಯಾದೃಚ್ಛಿಕ ಪ್ರಯೋಗಗಳ ಸಾಕ್ಷ್ಯ ಇನ್ನೂ ಬೆಳೆಯುತ್ತಿದೆ ಎಂಬುದನ್ನು ರೋಗಿಗೆ ತಿಳಿಸಿಯೇ ಮುಂದುವರಿಯಬೇಕು.

ನಾಲ್ಕನೆಯದು, ಯಾವಾಗ? ಯುರೋಪಿನ ಹೃದ್ರೋಗ ಸಂಘದ 2021ರ ಮಾರ್ಗಸೂಚಿ, ಸೂಕ್ತ ಔಷಧಿಯ ನಂತರವೂ ಲಕ್ಷಣಗಳಿದ್ದು, ಎಜೆಕ್ಷನ್ ಫ್ರ್ಯಾಕ್ಷನ್ ಶೇ. 35ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದು, ಬಲ ಪೇಸಿಂಗ್ ಗಣನೀಯವಾಗಿರುವವರ ಯಂತ್ರವನ್ನು ಮೇಲ್ದರ್ಜೆಗೇರಿಸುವುದನ್ನು ಪರಿಗಣಿಸಬೇಕು ಎನ್ನುತ್ತದೆ. ಬ್ಯಾಟರಿಯಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದು ಆ ಷರತ್ತುಗಳಲ್ಲಿ ಇಲ್ಲ. ಇಂಥವರಿಗೆ ಬ್ಯಾಟರಿ ಮುಗಿಯಲಿ ಎಂದು ಕಾಯುವುದೆಂದರೆ ಸ್ನಾಯು ಇನ್ನಷ್ಟು ಹಾಳಾಗಲು ಬಿಟ್ಟಂತೆ. ಎಜೆಕ್ಷನ್ ಫ್ರ್ಯಾಕ್ಷನ್ ಶೇ. 36ರಿಂದ 50ರ ನಡುವೆ ಇರುವವರ ನಿರ್ಧಾರ ಒಂದೇ ಎಕೋ ನೋಡಿ ಆಗುವಂಥದ್ದಲ್ಲ. ಹಿಂದಿನ ಎಕೋಗಳ ಜೊತೆ ಹೋಲಿಸಿದಾಗ ಸ್ಥಿರವಾದ ಶೇ. 45ಕ್ಕೂ, ಶೇ. 60ರಿಂದ ಜಾರಿಬಂದ ಶೇ. 45ಕ್ಕೂ ಅರ್ಥ ಬೇರೆ ಬೇರೆ. ಇಳಿಮುಖವಾಗಿದ್ದವರಿಗೆ ಬ್ಯಾಟರಿ ಬದಲಾವಣೆ ಒಳ್ಳೆಯ ಅವಕಾಶ. ಸ್ಥಿರವಾಗಿದ್ದು ಆರೋಗ್ಯದಿಂದಿರುವವರಿಗೆ ಯಂತ್ರವನ್ನಷ್ಟೇ ಬದಲಿಸಿ ಎಕೋದ ಮೂಲಕ ಗಮನಿಸುತ್ತ ಹೋಗುವುದು ಲೇಸು.

6. ರೋಗಿಯ ಪಾಲು

ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲೂತ, ಅರ್ಧ ದಾರಿಯಲ್ಲಿಯೇ ನಿಲ್ಲಿಸಿದ ದೇವಸ್ಥಾನದ ನಡಿಗೆ: ಇಂಥವನ್ನು ನಮ್ಮ ಹಿರಿಯರು ‘ವಯಸ್ಸಾಯ್ತಲ್ಲ’ ಎಂದು ನುಂಗಿಕೊಳ್ಳುತ್ತಾರೆ. ಪೇಸ್‌ಮೇಕರ್ ಇರುವವರ ಬಾಯಲ್ಲಿ ಆ ಮಾತು ಬಂದರೆ ಎಕೋ ಮಾಡಿಸಬೇಕಾದ ಸೂಚನೆ ಅದು. ಯಂತ್ರದ ತಪಾಸಣೆಯಲ್ಲಿ ಬ್ಯಾಟರಿ ಚೆನ್ನಾಗಿದೆ ಎಂಬ ಉತ್ತರಕ್ಕೆ ತೃಪ್ತರಾಗದೆ, ಪೇಸಿಂಗ್ ಶೇಕಡಾ ಎಷ್ಟು, ಈಚಿನ ಎಜೆಕ್ಷನ್ ಫ್ರ್ಯಾಕ್ಷನ್ ಎಷ್ಟು ಎಂದು ಕೇಳುವುದು ರೋಗಿಯ ಹಕ್ಕು.

ಮಕ್ಕಳು ವೈದ್ಯರೊಂದಿಗೆ ಮಾತಾಡಿ ತಂದೆತಾಯಿಯ ಪರವಾಗಿ ಒಪ್ಪಿಗೆ ಕೊಡುವ ವಾಡಿಕೆಯೂ ನಮ್ಮಲ್ಲಿದೆ. ಪೇಸಿಂಗ್ ಮಾತ್ರ ಮಾಡುವ ಸಿಆರ್‌ಟಿ-ಪಿ ಸಾಕೇ, ಆಘಾತ ಕೊಟ್ಟು ಹಠಾತ್ ಸಾವನ್ನು ತಡೆಯುವ ಸಿಆರ್‌ಟಿ-ಡಿ ಬೇಕೇ ಎಂಬ ಆಯ್ಕೆ, ಉಳಿದ ಆಯುಸ್ಸನ್ನು ಹೇಗೆ ಕಳೆಯಬೇಕು ಎಂಬ ಪ್ರಶ್ನೆಯೇ ಹೌದು. ಅದಕ್ಕೆ ಉತ್ತರಿಸಬೇಕಾದವರು ಯಂತ್ರವನ್ನು ಎದೆಯಲ್ಲಿ ಹೊತ್ತಿರುವವರು.

7. ಉಪಸಂಹಾರ

ಎಡ ಹೃತ್ಕುಕ್ಷಿಯ ತಂತಿ ಪೇಸಿಂಗ್ ತಂದ ಹಾನಿಗೆ ಬಲವಾದ ಚಿಕಿತ್ಸೆ. ಹಾನಿಯಿಲ್ಲದವರಿಗೆ ಅದೇ ತಂತಿ ಹೊಸ ಅಪಾಯವನ್ನಷ್ಟೇ ತರಬಹುದು. ಈ ಎರಡು ಬಗೆಯ ರೋಗಿಗಳನ್ನು ಬೇರ್ಪಡಿಸಲು ಬೇಕಾದ ಸಾಧನಗಳು ದುಬಾರಿಯವಲ್ಲ. ಒಂದು ಇಸಿಜಿ, ಕಾಲಕಾಲಕ್ಕೆ ಎಕೋ, ಯಂತ್ರದೊಳಗೆ ದಾಖಲಾಗಿರುವ ಪೇಸಿಂಗ್ ಲೆಕ್ಕ, ರೋಗಿಯೊಂದಿಗೆ ಬಿಡುವಾಗಿ ಕೂತು ಆಡುವ ಮಾತು ಸಾಕು. ಆದ್ದರಿಂದ ಪೇಸಿಂಗ್ ಗಣನೀಯವಾಗಿರುವ ಪ್ರತಿಯೊಬ್ಬರಿಗೂ, ಉಸಿರು ಕಟ್ಟುವವರೆಗೆ ಕಾಯದೆ, ನಿಯತವಾಗಿ ಎಕೋ ಮಾಡಿಸುವ ಪದ್ಧತಿ ನಮ್ಮ ಪೇಸ್‌ಮೇಕರ್ ಚಿಕಿತ್ಸಾಲಯಗಳಲ್ಲಿ ಬರಬೇಕು. ಬ್ಯಾಟರಿ ಬದಲಾವಣೆಗೆ ಮುನ್ನ ಮೇಲೆ ಹೇಳಿದ ನಾಲ್ಕೂ ಪ್ರಶ್ನೆಗಳಿಗೆ ಲಿಖಿತ ಉತ್ತರ ರೋಗಿಯ ಕಡತದಲ್ಲಿ ಇರಬೇಕು.