ಛತ್ರದ ಊಟ, ರೆಸಾರ್ಟಿನ ಊಟ

ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ನಾಲ್ಕಾರು ಗೆಳೆಯರೊಡನೆ ಮೆಕ್ಸಿಕೋ ದೇಶದ ಕಾನ್ಕುನ್ ಎಂಬ ಕಡಲತೀರಕ್ಕೆ ಹೋಗಿ ಬಂದು ಒಂದು ದೀರ್ಘ ಪತ್ರ ಬರೆದಿದ್ದಾನೆ. "ಸಾರ್, ಮೊದಲೇ ಒಂದು ಮೊತ್ತ ಕಟ್ಟಿಬಿಟ್ಟರೆ ಆಯಿತು. ಕೋಣೆ, ಮೂರು ಹೊತ್ತಿನ ಊಟ, ಪಾನೀಯ, ದೋಣಿ, ಆಟ ಎಲ್ಲವೂ ಅದರಲ್ಲೇ ಸೇರಿರುತ್ತದೆ. ಐದು ದಿನ ಜೇಬಿಗೆ ಕೈ ಹಾಕಲಿಲ್ಲ. ಇಂಥದ್ದು ನಮ್ಮ ಕಡೆ ಹಿಂದೆ ಏನಾದರೂ ಇತ್ತೇ?" ಎಂದು ಕೇಳಿದ್ದಾನೆ. ತರಗತಿಯಲ್ಲಿ ಇತಿಹಾಸದ ಪಾಠಕ್ಕೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಇವನು. ಈಗ ಪ್ರಶ್ನೆ ಕೇಳಿದ್ದಾನೆ ಎಂಬ ಸಂತೋಷಕ್ಕಾಗಿಯೇ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ, ನೀವೆಲ್ಲರೂ ಓದಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಇತ್ತು. ಆದರೆ ಮೊತ್ತ ಕಟ್ಟುವ ಭಾಗವಿರಲಿಲ್ಲ. ನಮ್ಮ ನಾಡಿನ ಛತ್ರಗಳಲ್ಲಿ ದಾರಿಹೋಕನಿಗೆ ಮಲಗಲು ಜಗುಲಿ, ಸೇದಲು ಬಾವಿ, ಉಣ್ಣಲು ಎಲೆ ದೊರೆಯುತ್ತಿದ್ದವು. ರಾಜರೋ, ಪಾಳೆಯಗಾರರೋ, ಸಿರಿವಂತ ವರ್ತಕರೋ ಬಿಟ್ಟ ಭೂಮಿಯ ಉತ್ಪತ್ತಿಯಿಂದ ಅದರ ಖರ್ಚು ನಡೆಯುತ್ತಿತ್ತು. ಮೂರು ದಿನ ಇರಬಹುದು, ನಾಲ್ಕನೆಯ ದಿನ ಗಂಟು ಕಟ್ಟಬೇಕು ಎಂಬುದು ಅನೇಕ ಕಡೆ ರೂಢಿ. ನಮ್ಮ ಚಿತ್ರದುರ್ಗ, ಹೊಳಲ್ಕೆರೆಯ ಕಡೆಯ ಹಿರಿಯರು ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರೆ ನಿಲ್ದಾಣದ ಎದುರಿಗೇ ಇದ್ದ ಗುಬ್ಬಿ ತೋಟದಪ್ಪನವರ ಛತ್ರವನ್ನು ತಮ್ಮ ಮನೆಯೆಂಬಂತೆ ನೆನೆಯುತ್ತಿದ್ದರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಪ್ರಯಾಣಿಕರ ತಂಗುದಾಣಕ್ಕೂ ವಿದ್ಯಾರ್ಥಿಗಳ ನಿಲಯಕ್ಕೂ ಧಾರೆಯೆರೆದ ಆ ಮಹನೀಯರ ಹೆಸರು ಇಂದಿಗೂ ಆ ರಸ್ತೆಯ ಮೇಲಿದೆ.

ಆದರೆ ಛತ್ರವನ್ನು ಹೊಗಳುವಾಗ ಒಂದು ಮಾತನ್ನು ನುಂಗಿಕೊಳ್ಳಬಾರದು. ಎಷ್ಟೋ ಛತ್ರಗಳಲ್ಲಿ ಊಟ ಉಚಿತವಾಗಿತ್ತು; ಪಂಕ್ತಿ ಒಂದಾಗಿರಲಿಲ್ಲ. ಕೆಲವರಿಗೆ ಒಳಗೆ ಬಾಳೆಲೆ, ಕೆಲವರಿಗೆ ಹೊರ ಜಗುಲಿ, ಇನ್ನು ಕೆಲವರಿಗೆ ಅಂಗಳದಾಚೆಯ ಮರದ ನೆರಳು. ನೀರು ಸೇದುವ ಬಾವಿಯೂ ಎಲ್ಲರದಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬಂದ ಟ್ರಾವೆಲರ್ಸ್ ಬಂಗಲೆಗಳಲ್ಲಿ ಜಾತಿಯ ಪ್ರಶ್ನೆ ಹಿಂದೆ ಸರಿದು ಅಧಿಕಾರದ ಪ್ರಶ್ನೆ ಮುಂದೆ ಬಂತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಜನ 'ಐಬಿ' ಎಂದು ಕರೆಯುವ ಪ್ರವಾಸಿ ಮಂದಿರಗಳು ಇವುಗಳ ಸಂತತಿಯೇ. ಅಮಲ್ದಾರರು ಬಂದರೆ ಮಿಕ್ಕವರು ಹೊರಗೆ. ನನ್ನ ಬಾಲ್ಯದಲ್ಲಿ ಐಬಿಯ ಕಾಂಪೌಂಡಿನ ಬೇಲಿಯ ಸಂದಿಯಿಂದ ಇಣುಕುವುದೇ ಒಂದು ಪ್ರವಾಸವಾಗಿತ್ತೆನ್ನಬಹುದು.

ಒಂದೇ ಬೆಲೆಗೆ ಸಮಸ್ತವನ್ನೂ ಒದಗಿಸುವ ವಿಹಾರವು ಮಾತ್ರ ಪಶ್ಚಿಮದ ಸಂತಾನ. 1936ರಲ್ಲಿ ಇಂಗ್ಲೆಂಡಿನ ಸ್ಕೆಗ್ನೆಸ್ ಎಂಬಲ್ಲಿ ಬಿಲ್ಲಿ ಬಟ್ಲಿನ್ ಎಂಬಾತ ರಜಾ ಶಿಬಿರವೊಂದನ್ನು ತೆರೆದನು. ಒಂದು ವಾರದ ಸಂಬಳಕ್ಕೆ ಒಂದು ವಾರದ ವಿಹಾರ ಎಂಬುದು ಅವನ ಪ್ರಚಾರದ ತಿರುಳು. 1938ರಲ್ಲಿ ಅಲ್ಲಿನ ಪಾರ್ಲಿಮೆಂಟು ಸಂಬಳಸಹಿತ ರಜೆಯ ಕಾಯಿದೆಯನ್ನು ಮಾಡಿತು. ಕಾರ್ಖಾನೆಯ ಕೆಲಸಗಾರನಿಗೂ ಸಮುದ್ರ ನೋಡುವ ಯೋಗ ಬಂತು. ಯುದ್ಧ ಮುಗಿದ ಮೇಲೆ, 1950ರಲ್ಲಿ, ಬೆಲ್ಜಿಯಂ ದೇಶದ ವಾಟರ್ ಪೋಲೋ ಆಟಗಾರ ಜೆರಾರ್ ಬ್ಲಿಟ್ಜ್ ಎಂಬವನು ಸ್ಪೇನಿನ ಮಯೋರ್ಕಾ ದ್ವೀಪದ ಅಲ್ಕೂದಿಯಾದಲ್ಲಿ ಡೇರೆಗಳನ್ನು ಹಾಕಿ 'ಕ್ಲಬ್ ಮೆಡಿಟರೇನಿಯನ್' ಆರಂಭಿಸಿದನು. ಅಲ್ಲಿ ಅಪರಿಚಿತರು ಒಂದೇ ಮೇಜಿನ ಸುತ್ತ ಕುಳಿತು ಉಣ್ಣಬೇಕು. ನಂತರದ ವರ್ಷಗಳಲ್ಲಿ ಅವರು ಪಾನೀಯಗಳಿಗೆ ನಾಣ್ಯದ ಬದಲು ಕೊರಳಿಗೆ ಹಾಕಿಕೊಳ್ಳುವ ಮಣಿಗಳನ್ನು ಬಳಕೆಗೆ ತಂದರಂತೆ. ಹಣ ಕಣ್ಣಿಗೆ ಬಿದ್ದರೆ ಹೆಚ್ಚು ಕಡಿಮೆಯೆಂಬ ಭಾವ ಬರುತ್ತದೆ. ಆದ್ದರಿಂದ ಹಣವನ್ನೇ ಮರೆಮಾಡುವುದು! ಜಾಣ ಉಪಾಯವೇ ಸರಿ. ಆದರೆ ಮಣಿಯನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕಾಗಿತ್ತು.

ಈ ಪದ್ಧತಿಯು ಉಷ್ಣವಲಯಕ್ಕೆ ಇಳಿದಾಗ ಅದರ ಗುಣ ಬದಲಾಯಿತು. ಜಮೈಕಾದಲ್ಲಿ 1978ರಲ್ಲಿ 'ಕಪಲ್ಸ್', 1981ರಲ್ಲಿ 'ಸ್ಯಾಂಡಲ್ಸ್' ಎಂಬ ರೆಸಾರ್ಟುಗಳು ಹುಟ್ಟಿದವು. ನಮ್ಮ ಹುಡುಗ ಹೋಗಿದ್ದ ಕಾನ್ಕುನ್ ಅಂತೂ ಬೆಸ್ತರ ಹಳ್ಳಿಯಷ್ಟೂ ಆಗಿರಲಿಲ್ಲ. ಮೆಕ್ಸಿಕೋ ಸರಕಾರವೇ ನಕ್ಷೆ ಬರೆದು ಕಟ್ಟಿಸಿದ ಪಟ್ಟಣ ಅದು. ಮೊದಲ ಹೋಟೆಲುಗಳು ಬಾಗಿಲು ತೆರೆದದ್ದು 1974ರ ಸುಮಾರಿಗೆ. ಗೋಡೆಯೊಳಗೆ ಎಲ್ಲವೂ ಸಿಗುವುದರಿಂದ ಅತಿಥಿಯು ಗೋಡೆಯಾಚೆಯ ಎಳನೀರಿನವನ ಬಳಿಗೆ ಹೋಗುವುದೇ ಇಲ್ಲ. ಕಟ್ಟಿದ ಹಣದ ಬಹುಪಾಲು ದೂರದ ಕಂಪನಿಗಳಿಗೆ ಸೇರುತ್ತದೆಂಬ ದೂರು ಆ ದ್ವೀಪಗಳಲ್ಲಿ ಹಳೆಯದು.

ಕರ್ನಾಟಕದಲ್ಲಿ ಇದಕ್ಕೆ ಅತಿ ಸಮೀಪದ ಉದಾಹರಣೆ ಎಂದರೆ ಕಬಿನಿ. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯು ನೇಪಾಳದ ಕಾಡಿನ ವಸತಿಗೆ ಹೆಸರಾದ ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಸ್ಥಾಪಿತವಾಯಿತು. ಮುಂದೆ ಅದು ಪೂರ್ಣವಾಗಿ ರಾಜ್ಯ ಸರಕಾರದ ಒಡೆತನಕ್ಕೆ ಬಂತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಆವರಣವೇ ಅದರ ಮೊದಲ ನೆಲೆ. ಕರ್ನಲ್ ಜಾನ್ ವೇಕ್‌ಫೀಲ್ಡ್ ಎಂಬ ಹಿರಿಯರು ಅಲ್ಲಿ ದೀರ್ಘಕಾಲ ಇದ್ದು ಅದನ್ನು ಬೆಳೆಸಿದರು. ವಸತಿ, ಊಟೋಪಚಾರ, ಜೀಪಿನಲ್ಲಿ ಕಾಡು, ದೋಣಿಯಲ್ಲಿ ಹೊಳೆ, ಹರಿಗೋಲು ಎಲ್ಲವೂ ತಲೆಗಿಷ್ಟು ಎಂಬ ಒಂದೇ ದರದಲ್ಲಿ. ಒಂದು ಕಾಲಕ್ಕೆ ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದ ಕಾಕನಕೋಟೆಯ ಕಾಡಿನ ಮಗ್ಗುಲಲ್ಲಿ ಈಗ ಆನೆ ನೋಡಲು ಹಣ ಕೊಡುತ್ತಾರೆ. ಹಿಡಿಯುವುದಕ್ಕಿಂತ ನೋಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

2006ರಲ್ಲಿ ನಾವು ಏಳು ಮಂದಿ ಮೇಷ್ಟ್ರುಗಳು ಅಲ್ಲಿಗೆ ಹೋಗಿದ್ದೆವು. ಚಿತ್ರದುರ್ಗದಿಂದ ಮೂವರು, ಹಿರಿಯೂರಿನಿಂದ ಇಬ್ಬರು, ಹೊಸದುರ್ಗ ಮತ್ತು ಹೊಳಲ್ಕೆರೆಯಿಂದ ಒಬ್ಬೊಬ್ಬರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕೇಂದ್ರಗಳಲ್ಲಿ ವರ್ಷ ವರ್ಷವೂ ಒಂದೇ ಕೋಣೆಯಲ್ಲಿ ಕುಳಿತು ಬೆಳೆದ ಸ್ನೇಹ ನಮ್ಮದು. ಆದರೆ ಹೊರಡುವ ಮೊದಲೇ ಒಂದು ತೊಡಕು ಎದ್ದಿತ್ತು. ಆರು ಮಂದಿಗೆ ಪಿಂಚಣಿ ಬರುತ್ತಿತ್ತು. ಹೊಳಲ್ಕೆರೆ ಕಡೆಯ ಹಿಂದಿ ಪಂಡಿತರು ಮಾತ್ರ ಅನುದಾನವಿಲ್ಲದ ಶಾಲೆಯೊಂದರಲ್ಲಿ ಮೂವತ್ತು ವರ್ಷ ದುಡಿದು ಬರಿಗೈಯಲ್ಲಿ ನಿವೃತ್ತರಾಗಿದ್ದರು. ತಲೆಗೆ ಇಷ್ಟೆಂದು ಬಂದ ಕೂಡಲೇ ಅವರು "ನನಗೆ ಮಂಡಿನೋವು, ನೀವು ಹೋಗಿ ಬನ್ನಿ" ಎಂದುಬಿಟ್ಟರು. ಅವರ ಮಂಡಿಗೆ ಏನೂ ಆಗಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಉಳಿದವರು ಸೇರಿ ಅವರ ಪಾಲು ಹಾಕೋಣವೆಂದರೆ ಅವರು ಒಪ್ಪುವ ಜಾಯಮಾನದವರಲ್ಲ. ಋಣದ ಊಟ ಅರಗುವುದಿಲ್ಲವೆಂದು ಮಕ್ಕಳಿಗೆ ಪಾಠ ಮಾಡಿದವರು.

ಉಪಾಯ ಹೊಳೆದದ್ದು ಹಿರಿಯೂರಿನ ಗಣಿತದ ಮೇಷ್ಟ್ರಿಗೆ. ಪ್ರವಾಸವನ್ನು ಎರಡು ವರ್ಷ ಮುಂದಕ್ಕೆ ಹಾಕಿಸಿದರು. ಒಂದು ದೊಡ್ಡ ಡಬ್ಬಕ್ಕೆ ಮೇಲೆ ಸೀಳು ಕೊರೆಸಿ ಮುಚ್ಚಳಕ್ಕೆ ಬೆಸುಗೆ ಹಾಕಿಸಿದರು. ತಿಂಗಳಿಗೊಮ್ಮೆ ಸೇರಿದಾಗ ಒಬ್ಬೊಬ್ಬರೇ ಒಳಕೋಣೆಗೆ ಹೋಗಿ ಕೈಲಾದದ್ದನ್ನು ಹಾಕಿ ಬರುವುದು. ಎಷ್ಟೆಂದು ಹೇಳಕೂಡದು, ಕೇಳಲೂ ಕೂಡದು. ಪಂಡಿತರು ಬಹಳ ಹೊತ್ತು ಸುಮ್ಮನಿದ್ದು, "ರೀ ಮೇಷ್ಟ್ರೇ, ಇದು ಲೆಕ್ಕವಲ್ಲ, ಮೋಸ" ಎಂದರು. "ಲೆಕ್ಕದ ಮೇಷ್ಟ್ರು ನಾನು. ಮೊತ್ತ ಸರಿಹೋದರೆ ಸಾಕು, ಹಂತಗಳನ್ನು ಬರೆಯಬೇಕಾಗಿಲ್ಲ" ಎಂದು ಇವರ ಉತ್ತರ. ಮಕ್ಕಳ ಉತ್ತರಪತ್ರಿಕೆಯಲ್ಲಿ ಹಂತ ಬಿಟ್ಟರೆ ಅಂಕ ಕತ್ತರಿಸುತ್ತಿದ್ದವರು ಇವರೇ! ಪಂಡಿತರು ಮೊದಲ ತಿಂಗಳು ಒಳಗೆ ಹೋಗಲಿಲ್ಲ. ಎರಡನೆಯ ತಿಂಗಳು ಹೋದರು. ಡಬ್ಬವನ್ನು ಒಡೆದ ದಿನ ಅದರಲ್ಲಿ ನೋಟುಗಳ ಜೊತೆಗೆ ಒಂದು ರೂಪಾಯಿ, ಎರಡು ರೂಪಾಯಿಯ ನಾಣ್ಯಗಳು ರಾಶಿಯಾಗಿದ್ದವು. ಯಾರೂ ಆ ನಾಣ್ಯಗಳನ್ನು ಬೇರೆಯಾಗಿ ಎಣಿಸಲಿಲ್ಲ.

ಬಾಡಿಗೆಯ ವ್ಯಾನಿನಲ್ಲಿ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲದ ಮೇಲೆ ಮೈಸೂರು, ಅಲ್ಲಿಂದ ಕಾರಾಪುರ. ಊಟದ ಮನೆಯನ್ನು ಅಲ್ಲಿ ಗೋಲ್‌ಘರ್ ಎನ್ನುತ್ತಾರೆ; ದುಂಡನೆಯ ಚಾವಡಿ. ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸಬೇಕೆಂದು ದೈಹಿಕ ಶಿಕ್ಷಣದ ಮೇಷ್ಟ್ರು ಐದು ಜಾಮೂನು ತಿಂದು ಮರುದಿನದ ಬೆಳಗಿನ ಸಫಾರಿಯನ್ನು ತಪ್ಪಿಸಿಕೊಂಡರು. ಪಂಡಿತರು ಎರಡು ದಿನವೂ ಅನ್ನ ಸಾರು ಮಜ್ಜಿಗೆಯನ್ನಷ್ಟೇ ಉಂಡರು. ನಮ್ಮ ಏಳು ಜನರಲ್ಲಿ ಐದು ಜಾತಿಯವರಿದ್ದೆವು. ಒಂದು ನೂರು ವರ್ಷದ ಹಿಂದಾಗಿದ್ದರೆ ಎಷ್ಟು ಕಡೆ ಎಲೆ ಹಾಕಬೇಕಾಗುತ್ತಿತ್ತೋ! ಇಲ್ಲಿ ಒಂದೇ ಮೇಜು. ಆದರೆ ಆ ಮೇಜಿಗೆ ಬರಲು ಕಟ್ಟಬೇಕಾದ ಮೊತ್ತವೇ ಒಂದು ಹೊಸ ಪಂಕ್ತಿಭೇದವಲ್ಲವೇ ಎಂದು ನಾನು ಹೇಳಲು ಹೊರಟಾಗ ಪಂಡಿತರೇ ತಡೆದರು: "ಊಟದ ಹೊತ್ತಿನಲ್ಲಿ ಇತಿಹಾಸ ಬೇಡಿ ಸಾರ್."

ಎರಡನೆಯ ದಿನ ಸಂಜೆ ಹರಿಗೋಲಿನಲ್ಲಿ ಹೋದಾಗ ನೀರಿನಲ್ಲಿ ಒಣಗಿ ನಿಂತ ಮರಗಳ ಬೊಡ್ಡೆಗಳನ್ನು ಕಂಡು ಪಂಡಿತರು ಹುಟ್ಟು ಹಾಕುವವನನ್ನು ಅವನ ಊರು ಯಾವುದೆಂದು ಕೇಳಿದರು. ಅವನು ನೀರನ್ನು ತೋರಿಸಿದನು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಹಲವು ಹಳ್ಳಿಗಳು ಮುಳುಗಿದವು. ಅವನ ತಂದೆಯ ಹೊಲ ನಮ್ಮ ಹರಿಗೋಲಿನ ಅಡಿಯಲ್ಲೆಲ್ಲೋ ಇತ್ತು. ಮಗ ಈಗ ಅದೇ ಹೊಲದ ಮೇಲೆ ಅತಿಥಿಗಳನ್ನು ತೇಲಿಸುತ್ತಿದ್ದನು. ಸಂಬಳವಿದೆ, ಊಟವಿದೆ, ತೊಂದರೆಯಿಲ್ಲ ಎಂದನು. ನಾವು ಕಟ್ಟಿದ ದರದಲ್ಲಿ ಆ ಹೊಲವೂ ಸೇರಿತ್ತೆಂದು ಆಗ ಹೊಳೆಯಿತು. ಹಿರಿಯೂರಿನ ಗಣಿತದ ಮೇಷ್ಟ್ರು ಮೆಲ್ಲಗೆ, "ನಮ್ಮ ಕಣಿವೆಯೂ ಹೀಗೇ" ಎಂದರು.

ಅವರು ಹೇಳಿದ ಕಣಿವೆ ಎಂದರೆ ಮಾರಿ ಕಣಿವೆ. ವೇದಾವತಿ ನದಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ 1898ರಲ್ಲಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ಕೆಲಸ ಮೊದಲಾಯಿತು. ಆಗ ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಸುಮಾರು 160 ಅಡಿ ಎತ್ತರದ ಗಾರೆಯ ಕಟ್ಟಡ, ಮೇಲೆ ಅಂದವಾದ ಮಂಟಪಗಳು, ಕೆಳಗೆ ಕಣಿವೆ ಮಾರಮ್ಮನ ಗುಡಿ. ನಮ್ಮ ಜಿಲ್ಲೆಯ ಗೆಳೆಯರ ಗುಂಪುಗಳಿಗೆ ತಲೆಮಾರುಗಳಿಂದ ಅದೇ ವಿಹಾರಧಾಮ. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುವುದು, ಮಾರಮ್ಮನಿಗೆ ಕೈ ಮುಗಿದು ಏರಿಯ ಮೇಲೆ ನಡೆಯುವುದು, ಮರದ ಕೆಳಗೆ ರೊಟ್ಟಿ ಬುತ್ತಿಗಳನ್ನು ಬಿಚ್ಚಿ ಯಾರದು ಯಾರ ಕೈಗೆ ಹೋಯಿತೆಂದು ತಿಳಿಯದಂತೆ ತಿನ್ನುವುದು. ನಿಮ್ಮಲ್ಲಿ ಎಷ್ಟೋ ಮಂದಿಯನ್ನು ನಾನೇ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಕರೆದೊಯ್ದಿದ್ದೇನೆ. ಏರಿಯ ಅಂಚಿಗೆ ಹೋಗಬೇಡಿರೆಂದು ಕೂಗಿ ಕೂಗಿ ಗಂಟಲು ಕಟ್ಟಿದ್ದು ನಿಮಗೆ ನೆನಪಿರಬಹುದು.

ಆ ಜಲಾಶಯದ ಪೂರ್ಣಮಟ್ಟ 130 ಅಡಿ. 1933ರಲ್ಲಿ ಒಮ್ಮೆ ತುಂಬಿ ಹರಿದಿದ್ದನ್ನು ನೋಡಿದವರ ಮಾತನ್ನು ಕೇಳಿಯೇ ನಮ್ಮ ಆಯುಷ್ಯ ಕಳೆಯಿತು. 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ, ಅದು ಮತ್ತೆ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಇನ್ನೊಮ್ಮೆ. 2022ರಲ್ಲಿ ಕೋಡಿ ನೋಡಲು ಜನ ಕಿಕ್ಕಿರಿದು ಬಂದರು, ಹಿರಿಯೂರಿನವರಿಗೆ ಹಬ್ಬ. ಅದೇ ಹೊತ್ತಿನಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ಜಮೀನಿಗೂ ಮನೆಗಳಿಗೂ ನುಗ್ಗಿತ್ತು. ಗಣಿತದ ಮೇಷ್ಟ್ರು ಆ ವೇಳೆಗೆ ತೀರಿಕೊಂಡಿದ್ದರು. ನಾವು ಉಳಿದವರು ನಾಲ್ವರು ಒಂದು ಕಾರು ಮಾಡಿಕೊಂಡು ಮೊದಲು ಹೊಸದುರ್ಗದ ಮಿತ್ರರ ಅಣ್ಣನವರ ತೋಟಕ್ಕೆ ಹೋಗಿ ತೆಂಗಿನ ಬುಡದಲ್ಲಿ ನಿಂತ ನೀರನ್ನು ನೋಡಿದೆವು, ಆಮೇಲೆ ಕೋಡಿಯನ್ನು ನೋಡಿದೆವು. ಬುತ್ತಿ ತಂದವರು ಪಂಡಿತರು. ಜೋಳದ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ನಾಲ್ವರಿಗೂ ಸಾಕಾಗಿ ಕಾರಿನ ಹುಡುಗನಿಗೂ ಉಳಿಯಿತು.